‘ಬರೀ ವೀಝಿಂಗ್ ಅಷ್ಟೇ’ ಅನ್ನೋದನ್ನ ನಿಲ್ಲಿಸೋಣ

ನಮ್ಮ ಕ್ಯಾಂಪಸ್ಸಿನಲ್ಲಿ ಯಾರಿಗೂ ಆಸ್ತಮಾ ಇಲ್ಲ. ಬೇಕಾದರೆ ಕೇಳಿ ನೋಡಿ. ಒಬ್ಬನಿಗೆ ‘ಸ್ವಲ್ಪ ವೀಝಿಂಗು’, ಇನ್ನೊಬ್ಬಳಿಗೆ ‘ಡಸ್ಟ್ ಅಲರ್ಜಿ’, ಮತ್ತೊಬ್ಬನಿಗೆ ‘ಚಳಿಗಾಲಕ್ಕೆ ಬರೋ ಕೆಮ್ಮು’. ಊರಲ್ಲಿ ಅಜ್ಜಿಯನ್ನು ಕೇಳಿದರೆ ಉಬ್ಬಸ, ದಮ್ಮು ಅಂತ ನೇರವಾಗಿ ಹೇಳಿಬಿಡುತ್ತಾರೆ. ಓದಿಕೊಂಡ ನಾವು ಮಾತ್ರ ಆ ಹೆಸರು ಬಾಯಿಗೆ ಬಾರದ ಹಾಗೆ ನೋಡಿಕೊಳ್ಳುತ್ತೇವೆ. ಆದರೆ ಬ್ಯಾಗಿನ ಒಳಜೇಬಿನಲ್ಲಿ ಒಂದು ನೀಲಿ ಪಂಪು ಇರುತ್ತೆ. ಲ್ಯಾಬ್ ಮಧ್ಯೆ ಎದೆ ಬಿಗಿದರೆ ವಾಶ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಎರಡು ಪಫ್ ಎಳೆದು, ಏನೂ ಆಗಿಲ್ಲದವರ ಹಾಗೆ ವಾಪಸ್ ಬಂದು ರೀಡಿಂಗ್ ಬರೆದುಕೊಳ್ಳುತ್ತೇವೆ.

ನಾವು ಇಲ್ಲಿ ಹೇಳಬೇಕೆಂದಿರುವುದು ಎರಡೇ ಮಾತು. ಒಂದು, ಈ ಕಾಯಿಲೆಯನ್ನು ಅದರ ಹೆಸರಿನಿಂದಲೇ ಕರೆಯೋಣ. ಎರಡು, ನೀಲಿ ಪಂಪು ಒಂದನ್ನೇ ನಂಬಿಕೊಂಡು ನಾಲ್ಕು ವರ್ಷ ದೂಡುವುದು ಚಿಕಿತ್ಸೆ ಅಲ್ಲ. ನಾವು ಡಾಕ್ಟರುಗಳಲ್ಲ, ಯಾರಿಗೆ ಯಾವ ಔಷಧಿ, ಎಷ್ಟು ಅಂತ ಹೇಳುವುದು ನಮ್ಮ ಕೆಲಸವೂ ಅಲ್ಲ. ಆದರೆ ದಿನಾ ಒಳಗೆ ತೆಗೆದುಕೊಳ್ಳುವ ಔಷಧಿ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದುಕೊಳ್ಳುವುದು ಇಂಜಿನಿಯರಿಂಗ್ ಓದುವವರಿಗೆ ಕಷ್ಟದ ಮಾತಲ್ಲವಲ್ಲ.

ಪೈಪಿನ ಲೆಕ್ಕ

ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪಿದೆಯಾ? ಲ್ಯಾಮಿನಾರ್ ಹರಿವಿನಲ್ಲಿ ಪೈಪಿನ ಅಡೆತಡೆ ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ತ್ರಿಜ್ಯ ಅರ್ಧಕ್ಕೆ ಇಳಿದರೆ ಅಡೆತಡೆ 16 ಪಟ್ಟು. ಬರೀ 20% ಕಿರಿದಾದರೂ ಹೆಚ್ಚುಕಮ್ಮಿ ಎರಡೂವರೆ ಪಟ್ಟು. ಉಸಿರಿನ ನಾಳಗಳು ಇಷ್ಟು ಸರಳ ಪೈಪುಗಳಲ್ಲ ನಿಜ, ಆದರೂ ‘ಸ್ವಲ್ಪ’ ಬಿಗಿತ ಯಾಕೆ ಅಷ್ಟು ಹಿಂಸೆ ಕೊಡುತ್ತೆ ಅನ್ನೋದು ಈ ಸೂತ್ರದಿಂದಲೇ ಅರ್ಥವಾಗುತ್ತೆ.

ನಾಳ ಕಿರಿದಾಗುವುದು ಮೂರು ಕಾರಣಕ್ಕೆ. ನಾಳದ ಸುತ್ತ ಇರುವ ಸ್ನಾಯು ಬಿಗಿದುಕೊಳ್ಳುತ್ತೆ. ಒಳಗೋಡೆ ಉರಿಯೂತದಿಂದ ಊದಿಕೊಳ್ಳುತ್ತೆ. ಒಳಗೆ ಕಫ ಕಟ್ಟುತ್ತೆ. ಇವುಗಳಲ್ಲಿ ಮೂಲ ಕಾರಣ ಉರಿಯೂತ. ಎದೆ ಹಗುರವಾಗಿ, ಉಬ್ಬಸ ಇಲ್ಲದ ದಿನಗಳಲ್ಲೂ ಅದು ಸದ್ದಿಲ್ಲದೆ ಒಳಗೆ ಇದ್ದೇ ಇರುತ್ತೆ. ಆಗ ಸ್ವಲ್ಪ ಧೂಳು, ಒಂದು ನೆಗಡಿ, ತಣ್ಣನೆಯ ಗಾಳಿ ಸಾಕು, ಸ್ನಾಯು ಬಿಗಿದುಕೊಳ್ಳೋಕೆ.

ಔಷಧಿಗಳೂ ಇದಕ್ಕೆ ತಕ್ಕ ಹಾಗೆ ಎರಡು ಬಗೆ. ಒಂದು ರಿಲೀವರ್. ನಮ್ಮಲ್ಲಿ ಆಸ್ತಾಲಿನ್ ಹೆಸರಲ್ಲಿ ಹೆಚ್ಚು ಪರಿಚಯ ಇರುವ ಸ್ಯಾಲ್ಬುಟಮಾಲ್ ಈ ಬಗೆಯದು. ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತೆ, ನಾಲ್ಕರಿಂದ ಆರು ಗಂಟೆ ಆರಾಮ. ಆದರೆ ಉರಿಯೂತವನ್ನು ಅದು ಮುಟ್ಟುವುದೂ ಇಲ್ಲ. ಇನ್ನೊಂದು ಪ್ರಿವೆಂಟರ್. ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಥರದ, ಉಸಿರಿನ ಜೊತೆ ಒಳಗೆ ಹೋಗುವ ಸ್ಟಿರಾಯ್ಡ್‌ಗಳು. ಎಳೆದ ತಕ್ಷಣ ಏನೂ ಗೊತ್ತಾಗಲ್ಲ. ದಿನಾ ತೆಗೆದುಕೊಂಡರೆ ಕೆಲವು ವಾರಗಳಲ್ಲಿ ಊತ ಇಳಿದು, ನಾಳ ಸುಮ್ಮಸುಮ್ಮನೆ ಕೆರಳುವುದು ಕಡಿಮೆಯಾಗುತ್ತೆ.

ಛಾವಣಿ ಸೋರುವಾಗ ಕೆಳಗೆ ಬಕೆಟ್ ಇಡುವುದು ಮೊದಲನೆಯದು. ಮೇಲೆ ಹತ್ತಿ ಹೆಂಚು ಸರಿಮಾಡುವುದು ಎರಡನೆಯದು. ಬಕೆಟ್ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಬಕೆಟ್ ದಿನಾ ತುಂಬುತ್ತಿದ್ದರೂ ಮೇಲೆ ನೋಡದೆ ಇರೋದು ಸರಿಯಾ?

ಸಾವಿನ ಲೆಕ್ಕ ಹೇಳುವುದು

ಜನರನ್ನು ಹೆದರಿಸೋಕೆ ಈ ಮಾತಲ್ಲ, ಆದರೆ ಹೇಳದೆ ಬಿಡೋಕೂ ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಜನರಿಗೆ ಆಸ್ತಮಾ ಇತ್ತು, ಆ ವರ್ಷ ಸುಮಾರು 4.55 ಲಕ್ಷ ಜನ ಅದರಿಂದ ಸತ್ತರು. ಭಾರತದಲ್ಲಿ ಈ ಕಾಯಿಲೆ ಇರುವವರು 3 ಕೋಟಿಗೂ ಹೆಚ್ಚು ಅಂತ ಅಂದಾಜು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2014ರಲ್ಲಿ ಒಂದು ವರದಿ ಪ್ರಕಟಿಸಿತು. ಆಸ್ತಮಾದಿಂದ ಸತ್ತ 195 ಜನರ ಕಡತಗಳನ್ನು ತಜ್ಞರು ಒಂದೊಂದಾಗಿ ಪರಿಶೀಲಿಸಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಾಯಿಲೆಯನ್ನು ಅಲ್ಲಿಯ ತನಕ ಸೌಮ್ಯ ಅಥವಾ ಮಧ್ಯಮ ಅಂತಲೇ ಪರಿಗಣಿಸಲಾಗಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ‘ಸ್ವಲ್ಪ ವೀಝಿಂಗು’. 45% ಜನ ವೈದ್ಯಕೀಯ ಸಹಾಯ ಕೇಳದೆ, ಇಲ್ಲವೇ ಅದು ಸಿಗುವ ಮೊದಲೇ ತೀರಿಕೊಂಡಿದ್ದರು. ರಿಲೀವರ್ ಎಷ್ಟು ಕೊಡಲಾಗಿತ್ತು ಅಂತ ಲೆಕ್ಕ ಸಿಕ್ಕವರಲ್ಲಿ 39% ಜನಕ್ಕೆ ಒಂದೇ ವರ್ಷದಲ್ಲಿ 12ಕ್ಕಿಂತ ಹೆಚ್ಚು ಪಂಪುಗಳು ಹೋಗಿದ್ದವು. ಒಂದು ಪಂಪಿನಲ್ಲಿ 200 ಪಫ್ ಅಂತ ಹಿಡಿದರೆ 12 ಪಂಪಿಗೆ 2400. ಅಂದರೆ ದಿನಕ್ಕೆ ಆರೂವರೆ ಪಫ್. ನೀಲಿ ಪಂಪು ಎಷ್ಟು ಬೇಗ ಖಾಲಿಯಾಗುತ್ತಿದೆ ಅನ್ನೋದೇ ಒಂದು ಅಲಾರಂ. ಆ ಅಲಾರಂ ಹೊಡೆಯುತ್ತಿದ್ದರೂ ಕೇಳಿಸಿಕೊಂಡವರಿರಲಿಲ್ಲ.

2019ರಲ್ಲಿ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡುವ ಗೀನಾ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿತು. ದೊಡ್ಡವರಿಗೂ 12 ವರ್ಷ ದಾಟಿದವರಿಗೂ ಸ್ಯಾಲ್ಬುಟಮಾಲ್ ಥರದ ರಿಲೀವರ್ ಒಂದನ್ನೇ ಚಿಕಿತ್ಸೆಯಾಗಿ ಕೊಡಬಾರದು, ಕಾಯಿಲೆ ಸೌಮ್ಯವಾಗಿದ್ದರೂ ಉಸಿರಿನ ಸ್ಟಿರಾಯ್ಡ್ ಯಾವುದಾದರೊಂದು ರೂಪದಲ್ಲಿ ಇರಲೇಬೇಕು ಅಂತ. ಅದಕ್ಕೆ ಒಂದು ಜಾಣ ದಾರಿಯೂ ಇದೆ. ಫಾರ್ಮೊಟೆರಾಲ್ ಬೇಗ ಕೆಲಸ ಶುರು ಮಾಡುತ್ತೆ, ಹೊತ್ತು ಹೆಚ್ಚು ನಿಲ್ಲುತ್ತೆ. ಅದನ್ನು ಬುಡೆಸೊನೈಡ್ ಜೊತೆ ಒಂದೇ ಪಂಪಿನಲ್ಲಿ ಕೂಡಿಸಿದ್ದಾರೆ. ಎದೆ ಬಿಗಿದಾಗ ಎಳೆದರೆ ಬಕೆಟ್ಟೂ ಸಿಕ್ಕಿತು, ಹೆಂಚಿನ ರಿಪೇರಿಯೂ ಆಯಿತು. ಇದು ನಿಮಗೆ ಹೊಂದುತ್ತಾ ಅಂತ ಡಾಕ್ಟರನ್ನು ಕೇಳಬೇಕು. ಕೇಳೋಕೆ ಮೊದಲು ಇಂಥದ್ದೊಂದು ಇದೆ ಅಂತ ಗೊತ್ತಿರಬೇಕಲ್ಲ.

ನಾವು ಹೇಳಿಕೊಳ್ಳುವ ನೆಪಗಳು

‘ಇನ್ಹೇಲರ್ ಶುರುಮಾಡಿದರೆ ಅಭ್ಯಾಸ ಆಗಿಬಿಡುತ್ತೆ, ಅದು ಕೊನೆಯ ಅಸ್ತ್ರ, ಮಾತ್ರೆಯೇ ವಾಸಿ.’ ಈ ಮಾತನ್ನು ಮನೆಯಲ್ಲೂ ಕೇಳಿದ್ದೇವೆ, ಮೆಸ್ಸಲ್ಲೂ ಕೇಳಿದ್ದೇವೆ. ಲೆಕ್ಕ ಹಾಕಿ ನೋಡೋಣ. ಸ್ಯಾಲ್ಬುಟಮಾಲ್ ಮಾತ್ರೆ 2 ಅಥವಾ 4 ಮಿಲಿಗ್ರಾಂ. ಪಂಪಿನ ಒಂದು ಪಫ್ 100 ಮೈಕ್ರೋಗ್ರಾಂ. ಅಂದರೆ 4 ಮಿಲಿಗ್ರಾಂ ಮಾತ್ರೆಯ ನಲವತ್ತರಲ್ಲಿ ಒಂದು ಭಾಗ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಇಡೀ ಮೈ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಅದಕ್ಕೇ ಕೈ ನಡುಕ, ಎದೆ ಢವಢವ ಮಾತ್ರೆಯಲ್ಲೇ ಜಾಸ್ತಿ. ಪಂಪಿನ ಔಷಧಿ ಬೇಕಾದ ಜಾಗಕ್ಕೇ ನೇರವಾಗಿ ಹೋಗುತ್ತೆ. ಇದರಲ್ಲಿ ಯಾವುದು ಒಳ್ಳೆಯ ಡಿಸೈನು ಅಂತ ನೀವೇ ಹೇಳಿ.

‘ಸ್ಟಿರಾಯ್ಡ್ ಅಂತೆ ಕಣೋ.’ ಜಿಮ್ಮಿನಲ್ಲಿ ಕದ್ದುಮುಚ್ಚಿ ಚುಚ್ಚಿಕೊಳ್ಳುವುದು ಬೇರೆ ಜಾತಿಯ ಸ್ಟಿರಾಯ್ಡ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಉಸಿರಿನ ಸ್ಟಿರಾಯ್ಡ್ ಕೂಡ ಮೈಕ್ರೋಗ್ರಾಂ ಲೆಕ್ಕದಲ್ಲೇ. ಅದರ ಸಾಮಾನ್ಯ ತೊಂದರೆ ಅಂದರೆ ಗಂಟಲು ಒರಟಾಗುವುದು, ಬಾಯಲ್ಲಿ ಬೂಷ್ಟು. ಎಳೆದಾದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಇದು ಬಹುಪಾಲು ತಪ್ಪುತ್ತೆ. ಹೆಚ್ಚಿನ ಡೋಸು ವರ್ಷಗಟ್ಟಲೆ ಬೇಕಾದವರ ಮೇಲೆ ಡಾಕ್ಟರ್ ಕಣ್ಣಿಟ್ಟಿರುತ್ತಾರೆ. ಅದೇ ಪ್ರಿವೆಂಟರ್ ಬಿಟ್ಟು, ಕಾಯಿಲೆ ಕೆರಳಿ, ಆಸ್ಪತ್ರೆ ಸೇರಿದರೆ ಕೊಡುವುದು ದಿನಕ್ಕೆ 40 ಮಿಲಿಗ್ರಾಂ ಆಸುಪಾಸಿನ ಪ್ರೆಡ್ನಿಸೊಲೋನ್ ಮಾತ್ರೆ, ಇಡೀ ಮೈಗೆ. ಸ್ಟಿರಾಯ್ಡಿಗೆ ಹೆದರಿ ಸಣ್ಣದನ್ನು ಬಿಟ್ಟವರು ಕೊನೆಗೆ ದೊಡ್ಡದನ್ನೇ ತಿನ್ನಬೇಕಾಗುತ್ತೆ.

‘ಪ್ರಾಣಾಯಾಮ ಮಾಡಿದರೆ ಹೋಗುತ್ತೆ’, ‘ಮೃಗಶಿರದ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ನುಂಗಿ ಬಾ.’ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಉಸಿರಾಟದ ಅಭ್ಯಾಸದಿಂದ ಕೆಲವರಿಗೆ ಆರಾಮ ಸಿಗುವುದೂ ನಿಜ, ಮಾಡಿ. ಆದರೆ ಆಸ್ತಮಾ ತಾನಾಗಿಯೇ ಏರಿ ಇಳಿಯುವ ಕಾಯಿಲೆ. ಇಳಿಯುವ ಹೊತ್ತಿಗೆ ಯಾವುದನ್ನು ಮಾಡುತ್ತಿದ್ದೆವೋ ಅದಕ್ಕೇ ಕ್ರೆಡಿಟ್ ಹೋಗುತ್ತೆ. ಅದನ್ನು ನಂಬಿ ಪಂಪು ಬಿಟ್ಟವರಿಗೆ ಮುಂದಿನ ಏರಿಕೆ ಬಂದಾಗ ಕೈಯಲ್ಲಿ ಏನೂ ಇರಲ್ಲ.

ದುಡ್ಡಿನ ಮಾತು ಮಾತ್ರ ನೆಪವಲ್ಲ, ನಿಜವಾದ ಕಷ್ಟ. ನೀಲಿ ಪಂಪಿಗಿಂತ ಪ್ರಿವೆಂಟರ್ ದುಬಾರಿ. ಡಾಕ್ಟರಿಗೆ ಸಂಕೋಚ ಬಿಟ್ಟು ‘ಕಡಿಮೆ ಬೆಲೆಯದು ಬರೆದುಕೊಡಿ ಸಾರ್’ ಅಂತ ಕೇಳಬಹುದು. ಅದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಇದೆಯಾ ಅಂತ ವಿಚಾರಿಸಬಹುದು. ದುಡ್ಡು ಉಳಿಸೋಕೆ ಅಂತ ದಿನ ಬಿಟ್ಟು ದಿನ ಎಳೆಯುವುದನ್ನು ಮಾತ್ರ ಡಾಕ್ಟರಿಗೆ ಹೇಳದೆ ಮಾಡಬೇಡಿ.

ಎಳೆಯೋದೂ ಒಂದು ಸ್ಕಿಲ್ಲು

1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಮುಖ್ಯಸ್ಥನ ಹದಿಮೂರು ವರ್ಷದ ಮಗಳು ಅಪ್ಪನನ್ನು ಕೇಳಿದಳಂತೆ, ಹೇರ್ ಸ್ಪ್ರೇ ಡಬ್ಬಿಯ ಹಾಗೆ ನನ್ನ ಆಸ್ತಮಾ ಔಷಧಿಯನ್ನೂ ಯಾಕೆ ತುಂಬಿಸಬಾರದು ಅಂತ. ಮರುವರ್ಷವೇ ಮೊದಲ ಮೀಟರ್ಡ್ ಡೋಸ್ ಇನ್ಹೇಲರ್ ಮಾರುಕಟ್ಟೆಗೆ ಬಂತು. ಪ್ರತಿ ಸಲ ಒತ್ತಿದಾಗಲೂ ಅಷ್ಟೇ ಪ್ರಮಾಣ ಹೊರಬರುವ ಒಂದು ಪುಟ್ಟ ವಾಲ್ವು. ಅಚ್ಚುಕಟ್ಟಾದ ಇಂಜಿನಿಯರಿಂಗ್. ಆದರೆ ಬಳಸುವವರು ತಪ್ಪಿದರೆ ಈ ಯಂತ್ರ ಕೆಲಸಕ್ಕೆ ಬಾರದು.

ಶ್ವಾಸಕೋಶದ ಆಳಕ್ಕೆ ಇಳಿಯುವುದು ಸುಮಾರು 1ರಿಂದ 5 ಮೈಕ್ರಾನ್ ಗಾತ್ರದ ಕಣಗಳು. ದೊಡ್ಡವು, ವೇಗವಾಗಿ ನುಗ್ಗಿದವು ಗಂಟಲಿನ ಗೋಡೆಗೇ ಬಡಿದು ಅಲ್ಲೇ ನಿಲ್ಲುತ್ತವೆ. ಆದ್ದರಿಂದ ಕ್ರಮ ಹೀಗೆ: ಪಂಪನ್ನು ಚೆನ್ನಾಗಿ ಅಲ್ಲಾಡಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರು ಎಳೆಯಲು ಶುರುಮಾಡುತ್ತಲೇ ಒತ್ತಬೇಕು. ಆಳಕ್ಕೆ ಎಳೆದು ಹತ್ತು ಸೆಕೆಂಡು ಹಿಡಿಯಬೇಕು. ಎರಡನೇ ಪಫ್ಫಿಗೆ ಅರ್ಧದಿಂದ ಒಂದು ನಿಮಿಷ ಬಿಡಬೇಕು. ಕೈಗೂ ಉಸಿರಿಗೂ ತಾಳ ಕೂಡದಿದ್ದರೆ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆ ಸಿಗುತ್ತೆ. ಔಷಧಿ ಅದರೊಳಗೆ ವೇಗ ಕಳೆದುಕೊಂಡು ನಿಲ್ಲುತ್ತೆ, ನಿಧಾನವಾಗಿ ಎಳೆದುಕೊಳ್ಳಬಹುದು. ಸ್ಪೇಸರ್ ಮಕ್ಕಳಿಗೆ ಮಾತ್ರ ಅನ್ನೋದು ಸುಳ್ಳು.

ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ರೋಟಾಹೇಲರ್ ಥರದ್ದಾದರೆ ನಿಯಮ ಉಲ್ಟಾ. ಅಲ್ಲಿ ತಳ್ಳುವ ಗ್ಯಾಸ್ ಇಲ್ಲ, ನಮ್ಮ ಉಸಿರೇ ಎಂಜಿನ್. ಜೋರಾಗಿ, ಆಳವಾಗಿ ಎಳೆಯಬೇಕು. ಇನ್ನೊಂದು ಮಾತು, ಬಣ್ಣವನ್ನೇ ನಂಬಬೇಡಿ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತೆ. ಮೇಲೆ ಬರೆದಿರುವ ಔಷಧಿಯ ಹೆಸರು ಓದಿ. ಕೌಂಟರ್ ಇಲ್ಲದ ಪಂಪಾದರೆ ಶುರುಮಾಡಿದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ಔಷಧಿ ಮುಗಿದ ಮೇಲೂ ಗ್ಯಾಸ್ ಬರುತ್ತಿರಬಹುದು, ಸದ್ದು ಕೇಳಿ ಮೋಸ ಹೋಗಬಾರದು.

ಹಾಸ್ಟೆಲ್ಲು, ಲ್ಯಾಬು, ಮೆಡಿಕಲ್ ಶಾಪು

ಕಳೆದ ನಾಲ್ಕು ವಾರಗಳನ್ನು ನೆನಪಿಸಿಕೊಳ್ಳಿ. ಹಗಲಿನಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಎದೆ ಬಿಗಿಯಿತಾ? ಆಸ್ತಮಾದಿಂದ ರಾತ್ರಿ ಎಚ್ಚರವಾಯಿತಾ? ರಿಲೀವರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತಾ? ಮೆಟ್ಟಿಲು, ಆಟ, ಕೆಲಸ ಯಾವುದನ್ನಾದರೂ ಇದರಿಂದ ಬಿಟ್ಟಿರಾ? ಡಾಕ್ಟರುಗಳು ಕೇಳುವ ನಾಲ್ಕು ಪ್ರಶ್ನೆ ಇವು. ಒಂದಕ್ಕೆ ‘ಹೌದು’ ಅಂದರೂ ಕಾಯಿಲೆ ಪೂರ್ತಿ ಹತೋಟಿಯಲ್ಲಿಲ್ಲ ಅಂತ ಅರ್ಥ. ‘ನನಗೆ ಯಾವಾಗಲೂ ಹೀಗೇನೇ’ ಅನ್ನೋದು ಉತ್ತರವಲ್ಲ.

ನಮ್ಮ ರೂಮುಗಳನ್ನೇ ನೋಡಿ. ಸೆಮಿಸ್ಟರ್ ಪೂರ್ತಿ ಒಗೆಯದ ತಲೆದಿಂಬಿನ ಕವರು, ಧೂಳು ಕೂತ ಫ್ಯಾನು, ಮಂಚದ ಕೆಳಗೆ ಜಿರಳೆ, ರಾತ್ರಿಯಿಡೀ ಉರಿಯುವ ಸೊಳ್ಳೆ ಬತ್ತಿ, ಬೆಳಿಗ್ಗೆ ಅಗರಬತ್ತಿ, ಅದರ ಮೇಲೆ ಡಿಯೋಡರೆಂಟು. ಒಗೆಯುವುದು, ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟುವುದು, ಇವಕ್ಕೆ ಯಾವ ಸಮಿತಿಯ ಅನುಮತಿಯೂ ಬೇಡ. ಸಿಗರೇಟಿನ ವಿಷಯ ಹೇಳಲೇಬೇಕಾ? ರೂಮ್‌ಮೇಟ್‌ಗೆ ಆಸ್ತಮಾ ಇದ್ದಾಗ ಕಿಟಕಿಯ ಹತ್ತಿರ ನಿಂತು ಸೇದಿದರೆ ಸಾಕು ಅನ್ನುವವರು ಒಮ್ಮೆ ಯೋಚಿಸಿ.

ಲ್ಯಾಬಿನ ಮಾತು ಯಾರೂ ಆಡಲ್ಲ. ಸೋಲ್ಡರ್ ಮಾಡುವಾಗ ಏಳುವ ಹೊಗೆ ಸೀಸದ್ದಲ್ಲ, ಹೆಚ್ಚಿನ ಪಾಲು ಫ್ಲಕ್ಸಿನದು. ರೋಸಿನ್ ಇರುವ ಫ್ಲಕ್ಸಿನ ಹೊಗೆ ಆಸ್ತಮಾ ಉಂಟುಮಾಡಬಲ್ಲದು ಅಂತ ಉದ್ಯೋಗ ಸಂಬಂಧಿ ಕಾಯಿಲೆಗಳ ಪಟ್ಟಿಯಲ್ಲೇ ಇದೆ. ವೆಲ್ಡಿಂಗ್ ಹೊಗೆ, ಫೌಂಡ್ರಿಯ ಮರಳು, ಸಿವಿಲ್ ಲ್ಯಾಬಿನಲ್ಲಿ ಜರಡಿ ಹಿಡಿಯುವಾಗಿನ ಧೂಳು, ಎಲ್ಲಾ ಬ್ರಾಂಚಿಗೂ ಅವರವರ ಪಾಲು ಇದ್ದೇ ಇದೆ. ಸೋಲ್ಡರಿಂಗ್ ಟೇಬಲ್ಲಿನ ಹತ್ತಿರ ಹೊಗೆ ಎಳೆಯುವ ಫ್ಯಾನು, ತೆರೆದ ಕಿಟಕಿ ಕೇಳುವುದು ನಖರಾ ಅಲ್ಲ, ಸೇಫ್ಟಿ.

ಆಟ ಬಿಡಬೇಕಾಗಿಲ್ಲ. ಹತೋಟಿಯಲ್ಲಿದ್ದರೆ ಫುಟ್‌ಬಾಲೂ ಆಡಬಹುದು, ಕುಮಾರ ಪರ್ವತವೂ ಹತ್ತಬಹುದು. ಆಟಕ್ಕೆ ಮೊದಲು ಏನು ಎಳೆಯಬೇಕು ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ, ಪಂಪು ಬಸ್ಸಿನ ಡಿಕ್ಕಿಯಲ್ಲಿ ಬೇಡ, ಜೇಬಿನಲ್ಲೇ ಇರಲಿ.

ಮೆಡಿಕಲ್ ಶಾಪಿನ ವಿಷಯದಲ್ಲಿ ಮೂರು ಎಚ್ಚರಿಕೆ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಆಸ್ತಮಾ ಇರುವ ಕೆಲವರಲ್ಲಿ ಜೋರಾದ ಉಬ್ಬಸ ತರುತ್ತವೆ. ವೈವಾ ಭಯಕ್ಕೆ, ಮೈಗ್ರೇನಿಗೆ ಅಂತ ಕೆಲವರು ನುಂಗುವ ಪ್ರೊಪ್ರನೊಲಾಲ್ ಆಸ್ತಮಾ ಇರುವವರಿಗೆ ಅಪಾಯಕಾರಿ. ಇನ್ನು ನೆಗಡಿ ಅಂದ ಕೂಡಲೇ ರೂಮಿಂದ ರೂಮಿಗೆ ಓಡಾಡುವ ಮಾಂಟೆಲುಕಾಸ್ಟ್ ಇರುವ ಮಾತ್ರೆ. ಮನಸ್ಸಿನ ಮೇಲೆ, ನಿದ್ದೆಯ ಮೇಲೆ ಅದು ಪರಿಣಾಮ ಬೀರಬಹುದು ಅಂತ 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೇ ಅದರ ಮೇಲೆ ಹಾಕಿಸಿತು. ಡಾಕ್ಟರ್ ಬರೆದುಕೊಟ್ಟಿದ್ದರೆ ತೆಗೆದುಕೊಳ್ಳಿ. ಚಾಕೊಲೇಟಿನ ಹಾಗೆ ಹಂಚಬೇಡಿ.

ಪಕ್ಕದ ಮಂಚದವರಿಗೆ

ಆಸ್ತಮಾ ಇಲ್ಲದವರು ಇಲ್ಲಿಯ ತನಕ ಓದಿದ್ದರೆ ಇದು ನಿಮಗೆ. ಗೆಳೆಯ ಒಂದು ವಾಕ್ಯ ಪೂರ್ತಿ ಮಾಡಲಾಗದೆ ಏದುಸಿರು ಬಿಡುತ್ತಿದ್ದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸುತ್ತ ಗುಂಪು ಕಟ್ಟಬೇಡಿ. ಅವನ ರಿಲೀವರ್ ಎತ್ತಿಕೊಡಿ. ಆಸ್ಟ್ರೇಲಿಯಾದ ಪ್ರಥಮ ಚಿಕಿತ್ಸೆಯಲ್ಲಿ ಕಲಿಸುವ ನಾಲ್ಕರ ಲೆಕ್ಕ ನೆನಪಿಡೋಕೆ ಸುಲಭ: ಸ್ಯಾಲ್ಬುಟಮಾಲ್ ಪಂಪಿನಿಂದ ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಪಫ್, ಪ್ರತಿ ಪಫ್ಫಿಗೆ ನಾಲ್ಕು ಉಸಿರು, ನಾಲ್ಕು ನಿಮಿಷ ಕಾದು ನೋಡಿ, ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ ಮತ್ತೆ ಅದೇ ಕ್ರಮ. ತುಟಿ ನೀಲಿಗಟ್ಟಿದರೆ, ಮಂಪರು ಬಂದರೆ, ಮಾತೇ ಹೊರಡದಿದ್ದರೆ ನಾಲ್ಕು ನಿಮಿಷವೂ ಕಾಯಬೇಡಿ. ಸುಯ್‌ಗುಡುವ ಸದ್ದು ನಿಂತಿತು ಅಂದರೆ ಕಡಿಮೆಯಾಯಿತು ಅಂತಲೇ ಅಲ್ಲ, ಗಾಳಿಯೇ ಆಡುತ್ತಿಲ್ಲ ಅಂತಲೂ ಇರಬಹುದು.

ಇಲ್ಲೇ ಮುಚ್ಚಿಡುವುದರ ನಿಜವಾದ ಬೆಲೆ ಗೊತ್ತಾಗುವುದು. ಪಂಪು ಯಾವ ಜೇಬಿನಲ್ಲಿದೆ ಅಂತ ರೂಮ್‌ಮೇಟ್‌ಗೇ ಗೊತ್ತಿಲ್ಲದಿದ್ದರೆ ಮಧ್ಯರಾತ್ರಿ ಎರಡು ಗಂಟೆಗೆ ಯಾರು ಹುಡುಕಿ ಕೊಡುತ್ತಾರೆ? ಕನ್ನಡಕ ಹಾಕಿಕೊಳ್ಳೋಕೆ ಯಾರೂ ವಾಶ್‌ರೂಮಿಗೆ ಹೋಗಲ್ಲ. ಪಂಪಿಗೂ ಹೋಗಬೇಕಾಗಿಲ್ಲ.

ಆಡಳಿತದವರ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಹಾಸ್ಟೆಲ್ ಬ್ಲಾಕಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಒಂದು ಸ್ಯಾಲ್ಬುಟಮಾಲ್ ಪಂಪು, ಒಂದು ಸ್ಪೇಸರ್ ಇರಲಿ. ಅದನ್ನು ಬಳಸೋದು ವಾರ್ಡನ್‌ಗೂ ಸೆಕ್ಯೂರಿಟಿಯವರಿಗೂ ಗೊತ್ತಿರಲಿ. ರೂಮಿಗೆ ಬಣ್ಣ ಹೊಡೆಸುವ ಕೆಲಸ ರಜೆಯಲ್ಲಿ ನಡೆಯಲಿ. ಸೋಲ್ಡರಿಂಗ್ ಬೆಂಚುಗಳಿಗೆ ಹೊಗೆ ಹೊರಹಾಕುವ ವ್ಯವಸ್ಥೆ ಬರಲಿ. ಫಸ್ಟ್ ಇಯರ್ ಓರಿಯೆಂಟೇಶನ್ನಿನಲ್ಲಿ ಅರ್ಧ ಗಂಟೆ ಇದಕ್ಕೆ ಸಿಗಲಿ.

ನಮ್ಮ ನಮ್ಮ ಮಟ್ಟಿಗೆ ಮಾಡಬೇಕಾದ್ದು ಇನ್ನೂ ಚಿಕ್ಕದು. ಪಂಪು ಇರುವವರು ಈ ವಾರ ಡಾಕ್ಟರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ: ‘ನನಗೆ ಪ್ರಿವೆಂಟರ್ ಬೇಕಾ? ನಾನು ಎಳೆಯೋದು ಸರಿಯಾಗಿದೆಯಾ, ನೋಡ್ತೀರಾ?’ ವಾಪಸ್ ಬಂದು ರೂಮ್‌ಮೇಟ್‌ಗೆ ಒಂದು ವಾಕ್ಯ ಹೇಳಿ: ‘ನಂಗೆ ಆಸ್ತಮಾ ಇದೆ ಮಗಾ, ಪಂಪು ಈ ಡ್ರಾಯರ್‌ನಲ್ಲಿರುತ್ತೆ.’ ಕೇಳಿಸಿಕೊಂಡವರು ‘ಅಯ್ಯೋ ಪಾಪ’ ಅನ್ನಬೇಡಿ. ಯಾವ ಡ್ರಾಯರ್ ಅಂತ ನೋಡಿಟ್ಟುಕೊಳ್ಳಿ, ಸಾಕು.